ಕೂ ಹಾಕಬಾರದೆಂದು ಬರೆದ ಪಂಚಾಯ್ತಿ

ಆಗ ನನಗೆ ಐವತ್ತೊಂದು ವರ್ಷ. ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ನಾನು ನಮ್ಮ ಗ್ರಾಮ ಪಂಚಾಯ್ತಿಯ ಮೆಂಬರ್ ಆಗಿದ್ದೆ. ಆ ಪಂಚಾಯ್ತಿ ಈಗ ಇಲ್ಲ. ಅದರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ, ರೇಷನ್ ಕಾರ್ಡಿನಲ್ಲೂ ಇಲ್ಲ. ಎರಡು ಕೋಣೆಯ ಕಟ್ಟಡ ಮಾತ್ರ ಉಳಿದಿದೆ, ಅದರೊಳಗೆ ಗೊಬ್ಬರದ ಚೀಲ ಒಟ್ಟಿದ್ದಾರೆ.

ಮೊನ್ನೆ ಮೊಮ್ಮಗಳು ಪೇಪರ್ ಓದಿ ಹೇಳಿದಳು. ಕಾಡಿನಲ್ಲಿ ಬಂದೂಕು ಹಿಡಿದು ತಿರುಗುತ್ತಿದ್ದವರಲ್ಲಿ ಉಳಿದವರೂ ಬಂದು ಶರಣಾದರಂತೆ. ಮಲೆನಾಡು ಇನ್ನು ಶಾಂತವಂತೆ. ನನಗೆ ಮೈ ಉರಿಯಿತು. ಶಾಂತವೇನೋ ಹೌದು. ನಮ್ಮ ಗುಡ್ಡಗಳು ಇಪ್ಪತ್ತು ವರ್ಷದಿಂದ ಶಾಂತವಾಗಿಯೇ ಇವೆ. ಹಾಗೆ ಮಾಡಿದವರಲ್ಲಿ ನಾನೂ ಒಬ್ಬಳು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ಓದುವವರು ಸರಿ ಮಾಡಿಕೊಳ್ಳಲಿ.

ನಮ್ಮ ಪಂಚಾಯ್ತಿ ಇದ್ದದ್ದು ಮಾಸ್ತಿಕಟ್ಟೆಯಿಂದ ಆಚೆ, ಬಸ್ಸು ತಿರುಗಿಸುವ ಜಾಗದಿಂದ ಇನ್ನೂ ಒಂದು ಗಂಟೆ ನಡೆಯುವಷ್ಟು ದೂರ. ಒಂದು ಬದಿಗೆ ಹೊಳೆ, ಹೊಳೆ ದಾಟಿದರೆ ತೀರ್ಥಹಳ್ಳಿ ತಾಲೂಕು. ಇನ್ನೊಂದು ಬದಿಗೆ ಘಟ್ಟ, ಘಟ್ಟ ಇಳಿದರೆ ಬೇರೆಯೇ ಜಿಲ್ಲೆ. ಹೊಸನಗರದ ಆಫೀಸಿನವರಿಗೆ ನಾವು ಎಲ್ಲಿದ್ದೇವೆ ಎಂದು ಗೊತ್ತಾಗುತ್ತಿದ್ದದ್ದು ಚುನಾವಣೆ ಬಂದಾಗ. ಗುಡ್ಡಕ್ಕೆ ಎರಡು, ಹಳ್ಳಕ್ಕೆ ಒಂದು ಎಂಬ ಹಾಗೆ ಚೆಲ್ಲಾಡಿದ ಮನೆಗಳನ್ನು ಗುಡಿಸಿ ಒಟ್ಟು ಮಾಡಿ ಒಂದು ಪಂಚಾಯ್ತಿ ಅಂದರು. ಅದು ಬದುಕಿದ್ದಷ್ಟು ದಿನ ಒಂದು ಬಾವಿಗೆ ಕಟ್ಟೆ ಕಟ್ಟಿಸಿತು, ಎರಡು ಮೋರಿ ಹಾಕಿಸಿತು. ಮತ್ತೆ ಒಂದು ಠರಾವು ಬರೆಯಿತು. ಕಟ್ಟೆ ಒಡೆದಿದೆ, ಮೋರಿ ಕೊಚ್ಚಿ ಹೋಗಿದೆ. ಠರಾವು ಮಾತ್ರ ಗಟ್ಟಿಯಾಗಿದೆ.

ನಾನು ಮೆಂಬರ್ ಆದದ್ದು ಹೇಗೆ ಎಂದರೆ, ಆ ಸೀಟು ಹೆಂಗಸರಿಗೆ ಎಂದು ಬಂತು. ಊರಿನ ಗಂಡಸರಿಗೆ ಬಾಯಿ ಇಲ್ಲದ ಹೆಂಗಸು ಬೇಕಿತ್ತು. ನನಗೆ ಬಾಯಿ ಇತ್ತು, ಆದರೆ ಮನೆಯಲ್ಲಿ ಗಂಡಸು ಇರಲಿಲ್ಲ. ಗಂಡ ತೀರಿಕೊಂಡು ಎಂಟು ವರ್ಷ ಆಗಿತ್ತು. ಇಬ್ಬರು ಹೆಣ್ಣುಮಕ್ಕಳು, ಒಬ್ಬಳನ್ನು ಸಾಗರದ ಕಡೆಗೂ ಇನ್ನೊಬ್ಬಳನ್ನು ಕೋಣಂದೂರಿಗೂ ಕೊಟ್ಟಾಗಿತ್ತು. ಹಿಂದಿನಿಂದ ಕುಮ್ಮಕ್ಕು ಕೊಡುವ ಗಂಡನೂ ಇಲ್ಲ ಮಗನೂ ಇಲ್ಲ, ಇವಳೇ ಆದೀತು ಅಂದರು. ಅಧ್ಯಕ್ಷ ಆಗಲಿಕ್ಕೆ ನಿಂತಿದ್ದ ಮನುಷ್ಯ ಬಂದು ಜಗಲಿಯಲ್ಲಿ ಕೂತು ಕೇಳಿದ.

"ಸಹಿ ಹಾಕ್ತೀಯಲ್ಲನೇ?"

"ಹಾಕ್ತೀನಿ."

"ಸಾಕು ಬಿಡು. ಉಳಿದದ್ದು ನಾವು ನೋಡ್ಕತೀವಿ."

ನೋಡಿಕೊಂಡರು.

ಆ ವರ್ಷಗಳಲ್ಲಿ ಕಾಡಿನಲ್ಲಿ ಬಂದೂಕಿನವರು ಇದ್ದರು. ನಮ್ಮ ಪರ ಅಂತ ಹೇಳಿಕೊಂಡು ಬರುತ್ತಿದ್ದರು. ಅನ್ನ ಉಣ್ಣುತ್ತಿದ್ದರು, ಭಾಷಣ ಮಾಡುತ್ತಿದ್ದರು, ಅಕ್ಕಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವರು ಹೋದ ಮಾರನೇ ದಿನ ಪೊಲೀಸರು ಬಂದು ಅನ್ನ ಯಾರು ಹಾಕಿದ್ದು ಅಂತ ಕೇಳುತ್ತಿದ್ದರು. ಬಾಗಿಲಿಗೆ ಬಂದವರಿಗೆ ಅನ್ನ ಹಾಕದೆ ಇರಲಿಕ್ಕೆ ನಮಗೆ ಬರುವುದಿಲ್ಲ, ಹಾಕಿದೆವು. ಪೊಲೀಸರಿಗೂ ಹಾಕಿದೆವು. ಅದನ್ನು ಯಾರೂ ಕೇಳಲಿಲ್ಲ. ಆಮೇಲೆ ಪೊಲೀಸರು ನಮ್ಮ ಶಾಲೆಯಲ್ಲೇ ಕ್ಯಾಂಪ್ ಹಾಕಿದರು. ಮಕ್ಕಳನ್ನು ಭಜನೆ ಮನೆಗೆ ಅಟ್ಟಿದರು. ನನ್ನ ಭಾವನ ಮಗನನ್ನು ಎರಡು ದಿನ ಕರೆದುಕೊಂಡು ಹೋಗಿ ಇಟ್ಟುಕೊಂಡು ಕಳಿಸಿದರು. ಅವನು ಎಂಥದೂ ಮಾಡಿರಲಿಲ್ಲ. ಹೊಳೆಯಾಚೆ ಅಂಗಡಿಯಿಂದ ಒಂದೇ ಸಲಕ್ಕೆ ನಾಲ್ಕು ಟಾರ್ಚಿನ ಸೆಲ್ಲು ತಂದಿದ್ದ. ವಾಪಸ್ಸು ಬಂದವನು ಒಂದು ತಿಂಗಳು ಎಡಗೈಯಲ್ಲಿ ಉಂಡ.

ಈಗ ಕೂ ಅಂದರೆ ಏನು ಎಂದು ಹೇಳಬೇಕು. ಕೋಗಿಲೆಯ ಕೂ ಅಲ್ಲ. ಬಾಯಿಗೆ ಅಡ್ಡ ಕೈ ಹಿಡಿದು ಹೊಟ್ಟೆಯಿಂದ ತೆಗೆಯುವ ಕೂಗು. ಮಾತಿಲ್ಲ, ಹೆಸರಿಲ್ಲ, ಬರೀ ಉದ್ದಕ್ಕೆ ಕೂ. ಮನೆಯಿಂದ ಮನೆಗೆ ಒಂದು ಗುಡ್ಡ ಅಡ್ಡ ಇರುವಾಗ ಇನ್ನೇನು ಮಾಡುತ್ತೀರಿ? ಒಂದೊಂದು ಮನೆಗೆ ಒಂದೊಂದು ಕೂ ಇತ್ತು. ನಮ್ಮ ಮನೆಯದು ಒಂದು ಉದ್ದ, ಕೊನೆಗೆ ಮೇಲಕ್ಕೆ ಎತ್ತಿ ನಿಲ್ಲಿಸುವುದು. ನಾನು ಮದುವೆಯಾಗಿ ಬಂದ ಮೂರನೇ ದಿನ ನನ್ನ ಅತ್ತೆ ನನ್ನನ್ನು ಅಂಗಳದ ತುದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿ, "ಹಾಕು" ಅಂದರು. ನಾನು ನಾಚಿಕೊಂಡು ಬೆಕ್ಕಿನ ಹಾಗೆ ಹಾಕಿದೆ. "ಇದು ಒಲೆ ಹತ್ರ ಹಾಕೋ ಕೂ. ಕಾಡಿಗೆ ಹೋದ್ರೆ ಹುಲಿನೂ ತಿರುಗಿ ನೋಡಲ್ಲ. ಹೊಟ್ಟೇಲಿ ಅನ್ನ ಇಲ್ವನೇ?" ಅಂದರು. ಸರಿಯಾಗುವ ತನಕ ನನ್ನನ್ನು ಸೊಪ್ಪಿಗೆ ಕಳಿಸಲಿಲ್ಲ.

ಕೂವಿಗೆ ಒಂದು ಕಟ್ಟು ಇತ್ತು. ಕೇಳಿದವರು ತಿರುಗಿ ಕೂ ಹಾಕಲೇಬೇಕು. ಯಾರ ಮನೆಯದೇ ಆಗಲಿ, ಜಗಳವೇ ಇರಲಿ, ಕೋರ್ಟಿನಲ್ಲಿ ಕೇಸೇ ನಡೆಯುತ್ತಿರಲಿ, ಕಾಡಿನಿಂದ ಕೂ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಉತ್ತರ ಕೊಡಬೇಕು. ಕೊಡದೆ ಸುಮ್ಮನೆ ಕೂತವಳ ಮನೆಯಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ನನಗೂ ನನ್ನ ಓರಗಿತ್ತಿಗೂ ಆಗ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಓರಗಿತ್ತಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನಾನು ಅಕ್ಕಯ್ಯ ಅನ್ನುತ್ತಿದ್ದೆ. ಟಾರ್ಚಿನ ಸೆಲ್ಲಿನವನು ಅವಳ ಒಬ್ಬನೇ ಮಗ, ಆ ಮನೆಗೆ ಇದ್ದ ಒಬ್ಬನೇ ಗಂಡಸು. ಬೇಲಿಯ ಮೇಲಿನ ಒಂದು ಹಲಸಿನ ಮರದ ವಿಚಾರಕ್ಕೆ ಮಾತು ಬಿಟ್ಟಿದ್ದೆವು. ಮಾತು ಬಿಟ್ಟಿದ್ದೆವೇ ಹೊರತು ಕೂ ಬಿಟ್ಟಿರಲಿಲ್ಲ. ಅವಳು ಕಾಡಿನಿಂದ ಹಾಕಿದರೆ ನಾನು ಕೊಟ್ಟಿಗೆಯಿಂದ ಹಾಕುತ್ತಿದ್ದೆ. ನಾನು ಹಾಕಿದರೆ ಅವಳು ಹಾಕುತ್ತಿದ್ದಳು. ಹಾಕಿ ಆದ ಮೇಲೆ, "ಸಾಯ್ಲಿ ಅತ್ಲಾಗೆ" ಅನ್ನುವುದೂ ನನಗೆ ಕೇಳುತ್ತಿತ್ತು.

ಆ ವರ್ಷ ಬೇಸಿಗೆ ಮೊದಲಿಗೆ, ದರಗು ಗುಡಿಸುವ ಕಾಲ. ದರಗು ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ, ಕೊಟ್ಟಿಗೆಗೆ ಹಾಸಲಿಕ್ಕೆ ಬೇಕು. ನಾವು ಏಳೆಂಟು ಹೆಂಗಸರು ಬೆಳಿಗ್ಗೆ ಬೇಗ ಹೋಗಿ ಗುಡಿಸುತ್ತಿದ್ದೆವು. ಕೆಳಗಿನ ಹಳ್ಳದಲ್ಲಿ ಏನೋ ನಡೆದ ಸದ್ದಾಯಿತು. ಕಾಟಿ, ಅಂದರೆ ಕಾಡುಕೋಣ, ಅಂದುಕೊಂಡೆವು. ಕಾಟಿ ಬಂದರೆ ಕೂ ಹಾಕಿ ಎಲ್ಲರನ್ನೂ ಎಚ್ಚರಿಸಬೇಕು, ಹಾಕಿದೆವು. ಆಚೆ ಗುಡ್ಡದವರು ಅದಕ್ಕೆ ಉತ್ತರ ಹಾಕಿದರು, ಅದರಾಚೆಯವರು ಅವರಿಗೆ. ಕಾಟಿ ಆಗಿರಲಿಲ್ಲ. ಪೊಲೀಸರು. ಅವರು ಬಂದೂಕಿನವರ ಬಿಡಾರ ಹಿಡಿಯಲಿಕ್ಕೆ ಹೊರಟಿದ್ದರು. ಹೋಗಿ ನೋಡಿದರೆ ಅಲ್ಲಿ ಬಿಸಿ ಬೂದಿ ಮಾತ್ರ ಇತ್ತಂತೆ.

ಎರಡು ದಿನ ಬಿಟ್ಟು ಪಂಚಾಯ್ತಿ ಕಟ್ಟಡದಲ್ಲಿ ಮೀಟಿಂಗ್ ಕರೆದರು. ಕ್ಯಾಂಪಿನ ಸಾಹೇಬರು ಬಂದಿದ್ದರು. ಬಯಲುಸೀಮೆಯ ಕಡೆಯ ಮನುಷ್ಯ, ನಮ್ಮ ಮಾತು ಅರ್ಧ ಅರ್ಥವಾಗುತ್ತಿತ್ತು. ದರಗಿಗೆ ಹೋಗಿದ್ದ ಹೆಂಗಸರನ್ನೆಲ್ಲ ಹೊರಗೆ ಸಾಲಾಗಿ ನಿಲ್ಲಿಸಿದ್ದರು. ನಾನು ಮೆಂಬರ್ ಅಲ್ಲವೇ, ನನಗೆ ಒಳಗೆ ಕುರ್ಚಿ. ಅವರ ಜೊತೆ ಆ ದಿನ ಬೆಳಿಗ್ಗೆ ಗುಡಿಸಿದವಳು ನಾನೂ ಹೌದು.

ಸಾಹೇಬರು ಕಿಟಕಿಯಿಂದ ಕೇಳಿದರು. "ಏನಮ್ಮಾ, ಅದು ಎಂಥಾ ಸಿಗ್ನಲ್?"

ಹೊರಗಿನಿಂದ ಅಕ್ಕಯ್ಯನೇ ಉತ್ತರ ಕೊಟ್ಟಳು. ಅವಳಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು, ಎದುರಿಗೆ ಯಾರಿದ್ದಾರೆ ಎಂದು ಕಾಣದೆ ಇದ್ದದ್ದರಿಂದ ಹೆದರಿಕೆಯೂ ಕಡಿಮೆ. "ಸಿಗ್ನಲ್ಲೂ ಇಲ್ಲ ಮಣ್ಣೂ ಇಲ್ಲ ಮಾರ್ರೆ. ಕಾಟಿ ಅಂತ ಮಾಡಿದ್ವಿ. ನೀವು ಕಾಟಿ ಹಂಗೇ ನಡೀತೀರಿ."

ಹೆಂಗಸರು ನಕ್ಕರು. ಒಬ್ಬ ಪೇದೆಯೂ ನಕ್ಕ. ಸಾಹೇಬರು ನಗಲಿಲ್ಲ.

"ಇನ್ಮೇಲೆ ಯಾರೂ ಕಾಡಲ್ಲಿ ಕೂಗಬಾರದು. ಬರ್ದು ಕೊಡಿ. ಕೂಗಿದ್ದು ಕೇಳಿಸ್ತು ಅಂದ್ರೆ, ಕೂಗಿದ ಹೆಂಗ್ಸನ್ನ ಕೇಳಲ್ಲ ನಾನು. ಅವಳ ಮನೆ ಗಂಡಸನ್ನ ಕರಿಸ್ತೀನಿ."

ಅಕ್ಕಯ್ಯನ ಬಾಯಿ ಕಟ್ಟಿದ್ದು ಆಗ.

ಸೆಕ್ರೆಟರಿ ಠರಾವು ಬರೆದ. ಅವನು ಒಳ್ಳೆಯ ಅಕ್ಷರದ ಹುಡುಗ, ದುಂಡಗೆ ಬರೆಯುತ್ತಿದ್ದ. ಕಾಡಿನೊಳಗೆ ಯಾವುದೇ ರೀತಿಯ ಕೂಗು ಹಾಕುವುದನ್ನು ಈ ಸಭೆಯು ನಿಷೇಧಿಸಿದೆ ಎಂದು ಗಟ್ಟಿಯಾಗಿ ಓದಿ ಹೇಳಿದ. ಓದಲು ಬರದ ಮುದುಕಿ, ತಿಳಿಯದೆ ಸಹಿ ಹಾಕಿದೆ ಎಂದು ನಾನು ಹೇಳಬಹುದು. ಜನ ನಂಬುತ್ತಾರೆ. ಅದು ಸುಳ್ಳು. ಪ್ರತಿ ಶಬ್ದವೂ ಕೇಳಿತ್ತು, ಅರ್ಥವೂ ಆಗಿತ್ತು. ನನ್ನ ಸರದಿ ಬಂತು, ಎಲ್ಲರೂ ಹಾಕಿದ್ದರು, ಸಾಹೇಬರು ನನ್ನ ಕೈಯನ್ನೇ ನೋಡುತ್ತಿದ್ದರು. ನನಗೆ ಬೇಗ ಮುಗಿದು ಮನೆಗೆ ಹೋದರೆ ಸಾಕಾಗಿತ್ತು, ಎಮ್ಮೆ ಕರೆಯುವ ಹೊತ್ತಾಗಿತ್ತು. ಹಾಕಿದೆ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ಅಧ್ಯಕ್ಷ ಹೊರಗೆ ಬಂದು, "ಊರಿಗೆ ಒಳ್ಳೇದಾಯ್ತು ಬಿಡಿ. ಇನ್ನು ಯಾರನ್ನೂ ಸುಮ್ಸುಮ್ನೆ ಕರ್ಸಲ್ಲ ಅಂದಾರೆ" ಅಂದ.

"ನಿನ್ ಹೆಂಡ್ತಿ ಯಾವತ್ತಾದ್ರೂ ದರಗಿಗೆ ಬಂದಿದಾಳನಾ?" ಎಂದು ಯಾರೋ ಕೇಳಿದರು. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು.

ಕೂ ಇಲ್ಲದೆ ಕಾಡಿಗೆ ಹೋಗುವುದು ಹೇಗೆ? ಹೆಂಗಸರು ಒಂದು ಉಪಾಯ ಮಾಡಿದರು. ದನದ ಕೊರಳಿನ ಗಂಟೆ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಹೋಗುವುದು. ಗಂಟೆ ಕೂಗಲ್ಲವಲ್ಲ, ಠರಾವಿಗೆ ಅಡ್ಡ ಬರುವುದಿಲ್ಲ. ನಡೆದರೆ ಸದ್ದಾಗುತ್ತದೆ, ಯಾರು ಎಲ್ಲಿದ್ದಾರೆ ಎಂದು ತಿಳಿಯುತ್ತದೆ. ನನಗೂ ಅದು ಜಾಣತನ ಅಂತಲೇ ಕಂಡಿತು. ಕುತ್ತಿಗೆಗೆ ಕಟ್ಟಿಕೊಳ್ಳಲಿಲ್ಲ ಎನ್ನುವುದೊಂದೇ ನಮ್ಮ ಮರ್ಯಾದೆ. ಅಕ್ಕಯ್ಯ ಮಾತ್ರ ಒಪ್ಪಲಿಲ್ಲ. ನನಗೆ ಕೇಳಲಿ ಎಂದು ಅವಳ ಸೊಸೆಗೆ ಬೇಲಿಯ ಹತ್ತಿರ ನಿಂತು ಹೇಳಿದಳು.

"ನಾನು ದನಾನನೇ? ಸಹಿ ಹಾಕಿದವ್ರು ಕಟ್ಕಳ್ಳಲಿ. ನಾಳೆ ಮೂಗುದಾರನೂ ಹಾಕಸ್ಕಳ್ಳಲಿ."

ಸೊಸೆ ಬಿಡಲಿಲ್ಲ. ಕಣ್ಣು ಕಾಣದ ಅತ್ತೆ ಕಾಡಿಗೆ ಹೋಗುವುದೇ ಬೇಡ ಅಂದಳು, ಹೋಗುವುದಾದರೆ ಗಂಟೆ ಕಟ್ಟಿಕೊಂಡು ಹೋಗಿ ಅಂದಳು. ಅಕ್ಕಯ್ಯ ಐವತ್ತು ವರ್ಷ ತುಳಿದ ಕಾಡು ಅದು. ಕಾಲಿಗೆ ಗೊತ್ತಿದ್ದ ದಾರಿ, ತಪ್ಪಿದರೆ ಕೂ ಕೇಳಿ ಸರಿ ಮಾಡಿಕೊಳ್ಳುತ್ತಿದ್ದಳು. ಅದು ಗೊತ್ತಿದ್ದೂ ನಾವು ಯಾರೂ ಯೋಚನೆ ಮಾಡಿರಲಿಲ್ಲ. ಕೊನೆಗೆ ಬೈದುಕೊಂಡೇ ಗಂಟೆ ಕಟ್ಟಿಕೊಂಡಳು.

ಅದಾಗಿ ಹತ್ತು ಹದಿನೈದು ದಿನ ಕಳೆದಿರಬಹುದು. ಬೆಳಿಗ್ಗೆ ದರಗಿಗೆ ಹೋದವರು ಮಧ್ಯಾಹ್ನ ಊಟದ ಹೊತ್ತಿಗೆ ಬುಟ್ಟಿ ಹೊತ್ತು ಇಳಿದೆವು. ಅಕ್ಕಯ್ಯ ಇರಲಿಲ್ಲ. ಮುಂದೆ ಹೋಗಿರಬೇಕು ಎಂದು ನಾವು, ಹಿಂದೆ ಬರುತ್ತಿರಬೇಕು ಎಂದು ಮನೆಯಲ್ಲಿದ್ದ ಸೊಸೆ. ಉಂಡು ಎದ್ದ ಮೇಲೆ ಸೊಸೆ ಬೇಲಿಗೆ ಬಂದಳು.

"ಸಣ್ಣತ್ತೆ, ಅತ್ತೆ ಬರ್ಲಿಲ್ಲ."

ನಾಲ್ಕು ವರ್ಷದಲ್ಲಿ ಆ ಮನೆಯಿಂದ ನನಗೆ ಬಂದ ಮೊದಲ ಮಾತು ಅದು.

ಎಲ್ಲರೂ ಮೇಲೆ ಹೋದೆವು. ಅಕ್ಕಯ್ಯನ ಮಗನೂ ಬಂದ. ಅವಳು ಗುಡಿಸಿದ್ದ ಜಾಗ ಸಿಕ್ಕಿತು. ಬುಟ್ಟಿ ಅರ್ಧ ತುಂಬಿತ್ತು, ಪಕ್ಕದಲ್ಲಿ ಎಲೆಅಡಿಕೆಯ ಕವಳದ ಸಂಚಿ. ಅವಳು ಇಲ್ಲ. ಸುಮ್ಮನೆ ನಿಂತು ಕೇಳಿದೆವು. ಬಲಗಡೆಯ ಇಳಿಜಾರಿನಿಂದ ಗಂಟೆಯ ಸದ್ದು ಬಂತು.

"ಅಕೋ, ಅಲ್ಲಿದಾಳೆ" ಎಂದಳು ಸೊಸೆ.

ಸದ್ದಿನ ಹಿಂದೆ ಹೊರಟೆವು. ನಾವು ಇಳಿದಷ್ಟೂ ಅದು ಇಳಿಯಿತು. ನಿಂತರೆ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. "ಕಣ್ಣು ಕಾಣದೆ ಗಾಬರಿಯಾಗಿ ದೂರ ಹೋಗ್ತಾ ಇದಾಳೆ" ಎಂದ ಮಗ. ಬೇರೆ ಯಾರಾದರೂ ಆಗಿದ್ದರೆ ಬಾಯಿಬಿಟ್ಟು ಒಮ್ಮೆ ಕರೆಯುತ್ತಿದ್ದರು. ನಾವು ಕರೆಯಲಿಲ್ಲ. ಬಾಯಿ ಮುಚ್ಚಿಕೊಂಡು ಎಂಟು ಜನ ಗಂಟೆಯ ಹಿಂದೆ ಮುಳ್ಳಿನಲ್ಲಿ ನುಗ್ಗಿದೆವು. ಹಳ್ಳ ದಾಟಿ, ಬಿದಿರು ಮಟ್ಟಿ ಸುತ್ತು ಹಾಕಿ, ಹೊತ್ತು ಇಳಿಯುವ ತನಕ. ಕೊನೆಗೆ ಒಂದು ಬಯಲಿಗೆ ಬಂದು ನೋಡಿದರೆ ಯಾರದೋ ಕೆಂದು ಕಡಸು, ನಮ್ಮನ್ನು ನೋಡಿ ಹೆದರಿ ಇಷ್ಟು ದೂರ ಓಡಿದ್ದು, ಸೆಗಣಿ ಹಾಕುತ್ತಾ ನಿಂತಿತ್ತು.

ಯಾರೂ ನಗಲಿಲ್ಲ. ಹೆಂಗಸರಿಗೆ ದನದ ಗಂಟೆ ಕಟ್ಟಿದರೆ ದನ ಯಾವುದು ಹೆಂಗಸು ಯಾವುದು ಎಂದು ಗೊತ್ತಾಗುವುದಿಲ್ಲ ಎಂಬುದು ಅಷ್ಟು ಜನ ಜಾಣೆಯರಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ.

ಮತ್ತೆ ಮೇಲಕ್ಕೆ ಹತ್ತಿ ಅವಳ ಬುಟ್ಟಿಯ ಹತ್ತಿರವೇ ಬಂದೆವು. ಬಿಸಿಲು ಮರದ ತುದಿಗೆ ಹೋಗಿತ್ತು. ಇನ್ನು ಒಂದು ಗಂಟೆಯೊಳಗೆ ಕತ್ತಲಾದರೆ ಅವಳು ಕಾಡಿನಲ್ಲೇ. ಪಕ್ಕದಲ್ಲಿ ಒಂದು ಕಲ್ಲುಬಂಡೆ ಇತ್ತು. ಎಲ್ಲರೂ ಅದರ ಹತ್ತಿರ ನಿಂತೆವು. ಎಲ್ಲರಿಗೂ ಏನು ಮಾಡಬೇಕು ಎಂದು ಗೊತ್ತಿತ್ತು. ಯಾರೂ ಮಾಡಲಿಲ್ಲ. ಒಬ್ಬೊಬ್ಬರ ಮನೆಯಲ್ಲೂ ಗಂಡನೋ ಮಗನೋ ಇದ್ದರು. ಕ್ಯಾಂಪು ಅಲ್ಲಿಂದ ಬರೀ ಒಂದು ಗುಡ್ಡದ ಆಚೆ.

ಅಕ್ಕಯ್ಯನ ಮಗ ಬಾಯಿಗೆ ಕೈ ಇಟ್ಟ. ಅವನ ಹೆಂಡತಿ ಆ ಕೈ ಹಿಡಿದು ಎಳೆದಳು. "ನೀವು ಹಾಕ್ಬೇಡಿ. ನೀವು ಹಾಕ್ಬೇಡಿ" ಅಂದಳು.

ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಒಬ್ಬಳು ಹೇಳಿಯೂ ಹೇಳಿದಳು. "ಮೆಂಬರು ನೀನಲ್ವನೇ. ಹೇಳು, ಎಂತ ಮಾಡಾಣ?"

ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅವಳ ಮೇಲೆ, ಸಾಹೇಬರ ಮೇಲೆ, ಬೂದಿ ಬಿಟ್ಟು ಓಡಿಹೋದವರ ಮೇಲೆ, ದುಂಡಕ್ಷರದ ಹುಡುಗನ ಮೇಲೆ. ಎಲ್ಲಕ್ಕಿಂತ ಹೆಚ್ಚು ನನ್ನ ಬಲಗೈ ಮೇಲೆ. ಬಂಡೆ ಹತ್ತಿ ಅದೇ ಕೈಯನ್ನು ಬಾಯಿಗೆ ಹಿಡಿದು ಕೂ ಹಾಕಿದೆ. ನಮ್ಮ ಮನೆಯದಲ್ಲ. ಅಕ್ಕಯ್ಯನ ಮನೆಯದು, ಎರಡು ಗಿಡ್ಡ ಒಂದು ಉದ್ದ. ಅವಳಿಗೆ ತನ್ನ ಮನೆಯದೇ ಕೇಳಲಿ ಎಂದು.

ಉತ್ತರ ಇಲ್ಲ.

ಮತ್ತೆ ಹಾಕಿದೆ. ಆಚೆ ಗುಡ್ಡದಲ್ಲಿ ಮನೆಗಳಿದ್ದವು, ಅಲ್ಲಿ ಕಿವಿಗಳಿದ್ದವು. ಯಾರೂ ಉತ್ತರ ಹಾಕಲಿಲ್ಲ. ನಾನು ಆ ಊರಿಗೆ ಬಂದ ಮೇಲೆ ಅದೇ ಮೊದಲು, ಕೂ ಹೋಗಿ ಖಾಲಿ ಬಂದದ್ದು.

ಮೂರನೆಯ ಸಲಕ್ಕೆ ಬಂತು. ದೂರದಿಂದಲ್ಲ. ನಮ್ಮ ಕಾಲಡಿಯಿಂದ. ಬಂಡೆಯ ಹಿಂದೆ ಮಳೆಗಾಲದ ನೀರು ಕೊರೆದ ಒಂದು ಆಳದ ಕೊರಕಲು ಇತ್ತು, ಮೇಲೆಲ್ಲ ದರಗು ತುಂಬಿ ನೆಲದ ಹಾಗೇ ಕಾಣುತ್ತಿತ್ತು. ಅದರೊಳಗಿನಿಂದ ಕುತ್ತಿಗೆ ಹಿಚುಕಿದ ಹಾಗೆ ಸಣ್ಣ ಕೂ. ಇಳಿದು ನೋಡಿದರೆ ಅಕ್ಕಯ್ಯ ಮಗ್ಗುಲಾಗಿ ಬಿದ್ದಿದ್ದಳು. ಸೊಂಟದ ಹತ್ತಿರ ಮುರಿದಿತ್ತು. ಗಂಟೆ ಅವಳ ಅಡಿಗೆ ಸಿಕ್ಕಿ ಮಣ್ಣು ತುಂಬಿತ್ತು.

ಬೆಳಿಗ್ಗೆ ಬಿದ್ದವಳು. ನಾವು ಮಧ್ಯಾಹ್ನ ಬಂದು ಅವಳ ಬುಟ್ಟಿಯ ಪಕ್ಕ ನಿಂತು ಮಾತಾಡಿದ್ದೂ ಅವಳಿಗೆ ಕೇಳಿತ್ತು. ಮಗನ ದನಿಯೂ ಕೇಳಿತ್ತು. ಆದರೆ ಆ ಆಳದಿಂದ ನಮಗೆ ಕೇಳಿಸಬೇಕಾದರೆ ಕೂಗಲೇಬೇಕಿತ್ತು.

"ಒಂದು ಕೂ ಹಾಕ್ಲಿಕ್ಕೆ ಎಂತ ಆಗಿತ್ತೇ ಅಕ್ಕಯ್ಯ ನಿಂಗೆ?" ಎಂದೆ. ಬೈದೆ ಎಂದೇ ಹೇಳಬೇಕು.

"ಹಾಕಿದ್ರೆ ಅವನ್ನ ಕರ್ಕಂಡು ಹೋಗ್ತಿದ್ರಲ್ಲೇ" ಅಂದಳು. ಸ್ವಲ್ಪ ಸುಧಾರಿಸಿಕೊಂಡು, "ಬುಟ್ಟಿ ಬಿಟ್ಟು ಬರಬ್ಯಾಡಿ, ಹೊಸಾದು" ಅಂದಳು.

ಎಡಗೈಯಲ್ಲಿ ಉಂಡ ಮಗನನ್ನು ಎರಡನೇ ಸಲ ಕಳಿಸಬಾರದು ಎಂದು ಆ ಹೆಂಗಸು ಮುರಿದ ಸೊಂಟ ಇಟ್ಟುಕೊಂಡು ದಿನವಿಡೀ ಹಲ್ಲು ಕಚ್ಚಿ ಬಿದ್ದಿದ್ದಳು. ಮತ್ತೆ ಈಗ ಯಾಕೆ ಹಾಕಿದೆ ಎಂದು ಸೊಸೆ ಕೇಳಿದ್ದಕ್ಕೆ, "ಕೂ ಬಂತಲ್ಲ. ಉತ್ರ ಹಾಕ್ದೆ ಇರಕ್ಕೆ ಆಗ್ತದನೇ?" ಅಂದಳು. ತಾನಾಗಿ ಹಾಕಬಾರದು ಎಂದು ಬಾಯಿ ಕಟ್ಟಿಕೊಂಡಿದ್ದಳು. ಬಂದದ್ದಕ್ಕೆ ಹಾಕದೆ ಇರಲಿಕ್ಕೆ ಅವಳಿಗೆ ಆಗಲಿಲ್ಲ.

ಕಂಬಳಿಯನ್ನು ಎರಡು ಬಿದಿರಿಗೆ ಕಟ್ಟಿ ಹೊತ್ತುಕೊಂಡು ಬಂದು, ರಸ್ತೆಯಲ್ಲಿ ಜೀಪಿಗೆ ಹಾಕಿ ತೀರ್ಥಹಳ್ಳಿಗೆ ಕಳಿಸಿದೆವು. ಸೊಸೆ ಜೊತೆಗೆ ಹೋದಳು. ಮಗ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಸಿಕ್ಕಿದರೆ ಕೂ ಹಾಕಿಸಿ ತಪ್ಪಿಸಿಕೊಂಡ ಅನ್ನುತ್ತಾರೆ ಎಂದು ಅಧ್ಯಕ್ಷ ಅವನಿಗೆ ಹೇಳಿದ್ದ. ಅವನು ಜಗಲಿಯಲ್ಲಿ ಅಂಗಿ ಹಾಕಿಕೊಂಡು, ಚಪ್ಪಲಿ ಪಕ್ಕದಲ್ಲಿಟ್ಟುಕೊಂಡು ಕೂತ, ಕರೆಯಲಿಕ್ಕೆ ಬಂದರೆ ತಡವಾಗಬಾರದು ಎಂಬ ಹಾಗೆ. ಕೇಳಿಸಿದ್ದು ಅವನ ಮನೆಯ ಕೂ. ಆ ಕ್ಯಾಂಪಿನಲ್ಲಿ ನಮ್ಮ ಕಡೆಯ ಪೇದೆಗಳೂ ಇದ್ದರು. ಯಾವ ಮನೆಯದು ಎಂದು ಹೇಳಲಿಕ್ಕೆ ಅವರಿಗೆ ಬರುತ್ತಿತ್ತು. ಬಂಡೆಯ ಮೇಲೆ ನಿಂತಾಗ ನನಗೆ ಇದು ತಲೆಗೆ ಹೋಗಿರಲಿಲ್ಲ. ನಮ್ಮ ಮನೆಯದನ್ನು ಹಾಕಿದ್ದರೂ ಅವಳು ಉತ್ತರ ಕೊಡುತ್ತಿದ್ದಳು, ಕೊಡದೆ ಎಲ್ಲಿಗೆ ಹೋಗುತ್ತಾಳೆ. ನಾನು ಒಳ್ಳೆಯತನ ತೋರಿಸಲು ಹೋಗಿ ಅವಳ ಮನೆಯದು ಹಾಕಿದೆ.

ಅಕ್ಕಯ್ಯನ ಸೊಂಟ ಸರಿಯಾಗಿ ಕೂಡಲಿಲ್ಲ. ಇನ್ನೂ ಆರು ವರ್ಷ ಬದುಕಿದಳು, ಜಗಲಿಯ ಮೇಲೆ, ಕೈ ಊರಿಕೊಂಡು ಸರಿಯುತ್ತಾ. ನನ್ನ ಜೊತೆ ಮಾತು ಶುರು ಮಾಡಿದಳು, ಮುಕ್ಕಾಲುಪಾಲು ಬೈಯಲಿಕ್ಕೆ. ಬೈಸಿಕೊಂಡೆ. ಹಲಸಿನ ಮರದ ವಿಚಾರದಲ್ಲಿ ಮಾತ್ರ ನಾನು ಸೋಲಲಿಲ್ಲ.

ಪಂಚಾಯ್ತಿ ಅವಳಿಗಿಂತ ಮೊದಲು ಸತ್ತಿತು. ನಕ್ಸಲ್ ಏರಿಯಾ ಎಂದು ಯಾವ ನೌಕರನೂ ಅಲ್ಲಿಗೆ ಬರಲು ಒಪ್ಪಲಿಲ್ಲ. ಬಂದವರು ಬಂದ ದಿನದಿಂದಲೇ ವರ್ಗಕ್ಕೆ ಅರ್ಜಿ ಹಾಕಿದರು. ಆಮೇಲೆ ಜನ ಸಾಲದು ಎಂದು ಹೇಳಿ ನಮ್ಮನ್ನು ದೊಡ್ಡ ಊರಿನ ಪಂಚಾಯ್ತಿಗೆ ಸೇರಿಸಿದರು. ಒಂದು ದಿನ ಟೆಂಪೋ ಬಂದು ಬೀರು, ಕುರ್ಚಿ, ಪುಸ್ತಕದ ಗಂಟು ಹೇರಿಕೊಂಡು ಹೋಯಿತು. ನಮ್ಮನ್ನು ಕೇಳಿದವರಿಲ್ಲ. ನಾನು ಆ ದೊಡ್ಡ ಊರಿಗೆ ಮೂರು ಸಲ ಹೋದೆ. ಕೂ ಹಾಕಬಾರದು ಎಂದು ಬರೆದದ್ದನ್ನು ಹೊಡೆದು ಹಾಕಿ ಎಂದು ಕೇಳಿದೆ.

ಅಲ್ಲಿದ್ದ ಆಫೀಸರ್ ಹುಡುಗಿ ಒಳ್ಳೆಯವಳೇ. ಕೂರಿಸಿ ಮಾತಾಡಿಸಿದಳು. "ಅಜ್ಜಿ, ಆ ಪಂಚಾಯ್ತಿನೇ ಈಗ ಇಲ್ವಲ್ಲ. ಅವ್ರ ಠರಾವನ್ನ ನಾವು ರದ್ದು ಮಾಡೋಕೆ ಬರಲ್ಲ."

"ಹಂಗಾದ್ರೆ ಅದೂ ಇಲ್ಲ ಅಂತ ಅರ್ಥನಾ?"

"ಇಲ್ಲ ಅಂತಲ್ಲ. ದಾಖಲೆ ದಾಖಲೆನೇ."

"ನೀನೇ ಹೇಳು ಮಗಾ, ಇದೆಯೋ ಇಲ್ವೋ?"

ಅವಳು ಚಹಾ ತರಿಸಿದಳು.

ಇದೆಯೋ ಇಲ್ಲವೋ, ಯಾರೂ ಕೂ ಹಾಕುವುದಿಲ್ಲ. ಕ್ಯಾಂಪು ಎದ್ದುಹೋಗಿ ಎಷ್ಟೋ ಕಾಲವಾಯಿತು. ಬಂದೂಕಿನವರಿಗೆ ಸರ್ಕಾರದವರು ಹಾರ ಹಾಕದಿದ್ದರೂ ಕುರ್ಚಿಯಂತೂ ಹಾಕಿ ಕೂರಿಸಿದರು, ಟಿವಿಯಲ್ಲಿ ನೋಡಿದೆ. ಇಬ್ಬರಿಗೂ ಅವರವರ ಕೆಲಸ ಮುಗಿಯಿತು. ನಮ್ಮ ಮೊಮ್ಮಕ್ಕಳಿಗೆ ಕೂ ಹಾಕಿ ಎಂದರೆ ಬಾಯಿ ಬಿಡುವುದಿಲ್ಲ, ನಗುತ್ತಾರೆ. ಫೋನ್ ಇದೆಯಲ್ಲ ಎನ್ನುತ್ತಾರೆ. ನಮ್ಮ ಗುಡ್ಡದಲ್ಲಿ ಸಿಗ್ನಲ್ ಬರುವುದು ಪಂಚಾಯ್ತಿ ಕಟ್ಟಡದ ಮೆಟ್ಟಿಲ ಮೇಲೆ ಮಾತ್ರ. ಕಾಡಿನಲ್ಲಿ ಬಿದ್ದವರು ಮೊದಲು ಅಲ್ಲಿಗೆ ನಡೆದು ಬಂದು ಫೋನ್ ಮಾಡಬೇಕು.

ಅಕ್ಕಯ್ಯನನ್ನು ಜೀಪಿಗೆ ಹಾಕಿದ ಮಾರನೇ ಬೆಳಿಗ್ಗೆ ನಾನು ಎಮ್ಮೆಗೆ ಹುಲ್ಲು ಹಾಕಿ ನೇರ ಪಂಚಾಯ್ತಿಗೆ ಹೋದೆ. ಸೆಕ್ರೆಟರಿ ಆ ಕಟ್ಟಡದ ಹಿಂದಿನ ಕೋಣೆಯಲ್ಲೇ ಇರುತ್ತಿದ್ದ. ಹಲ್ಲುಜ್ಜುತ್ತಾ ಬಾಗಿಲು ತೆಗೆದ.

"ಪುಸ್ತಕ ಕೊಡು. ನನ್ನ ಸಹಿ ಹೊಡ್ದು ಹಾಕ್ಬೇಕು" ಎಂದೆ.

"ಹಂಗೆಲ್ಲ ಬರಲ್ಲಮ್ಮ. ಮೀಟಿಂಗ್ ಕರೀಬೇಕು. ಏಳು ದಿನ ಮೊದ್ಲೇ ನೋಟೀಸ್ ಕೊಡ್ಬೇಕು."

"ಹಾಕ್ಬೇಕಾದ್ರೆ ನೋಟೀಸ್ ಕೊಟ್ಟಿದ್ಯನಾ?"

ಅವನು ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋದವನು ಬರಲೇ ಇಲ್ಲ. ನಾನು ಅಲ್ಲಿಂದ ಕ್ಯಾಂಪ್ ಇದ್ದ ಶಾಲೆಗೆ ನಡೆದೆ. ಗೇಟಿನಲ್ಲಿ ಇಬ್ಬರು ಪೇದೆಗಳು ಬೆಲ್ಟು ಬಿಗಿದುಕೊಂಡು ಎಲ್ಲಿಗೋ ಹೊರಟು ನಿಂತಿದ್ದರು. ಎಲ್ಲಿಗೆ ಎಂದು ನನಗೆ ಗೊತ್ತಿತ್ತು. ಅವರನ್ನು ದಾಟಿ ಒಳಗೆ ಹೋಗಿ ಸಾಹೇಬರ ಮೇಜಿನ ಎದುರು ನಿಂತೆ.

"ನಿನ್ನೆ ಸಂಜೆ ಕೂ ಹಾಕಿದ್ದು ನಾನು. ಆ ಮನೆಯೋರಲ್ಲ."

ಸಾಹೇಬರು ತಲೆ ಎತ್ತಿದರು. "ನೀವು ಮೆಂಬರ್ ಅಲ್ವಾ?"

"ಹೌದು."

"ನಿಮ್ಮನೆ ಗಂಡಸರನ್ನ ಕಳಿಸಿ."

"ಸತ್ತು ಎಂಟು ವರ್ಷ ಆತು."

"ಮಗ?"

"ಇಲ್ಲ."

"ಮತ್ತೆ ಯಾರಿದಾರೆ ಮನೇಲಿ?"

"ನಾನಿದೀನಿ. ಒಂದು ಎಮ್ಮೆ ಇದೆ. ಯಾರು ಬೇಕು ನೋಡಿ."

ಬಾಗಿಲಲ್ಲಿದ್ದ ಪೇದೆ ಕೆಮ್ಮಿದ. ಸಾಹೇಬರು "ಹೋಗಮ್ಮ, ಹೋಗು" ಅಂದರು. ನಾನು ಹೋಗಲಿಲ್ಲ. ಬರೆದುಕೊಳ್ಳಿ ಎಂದೆ. ಕೂ ಹಾಕಿದ್ದು ಇಂಥವಳು, ಅಕ್ಕಯ್ಯನ ಮನೆಯವರಲ್ಲ ಎಂದು ಕಾಗದದ ಮೇಲೆ ಬರೆಯುವ ತನಕ ಇಲ್ಲೇ ನಿಲ್ಲುತ್ತೇನೆ ಎಂದೆ. ನಿಂತೆ. ಚಹಾ ಬಂತು, ಅವರು ಕುಡಿದರು. ವೈರ್‌ಲೆಸ್ಸಿನಲ್ಲಿ ಏನೋ ಮಾತಾಡಿದರು. ಹೊರಟು ನಿಂತಿದ್ದ ಇಬ್ಬರೂ ಬೆಲ್ಟು ಸಡಿಲಿಸಿ ಕಟ್ಟೆಯ ಮೇಲೆ ಕೂತರು. ಕೊನೆಗೆ ಸಾಹೇಬರು ಒಂದು ಹಾಳೆ ಎಳೆದುಕೊಂಡು ನಾಲ್ಕು ಸಾಲು ಬರೆದರು. ಓದಿ ಹೇಳಿ ಎಂದೆ. ಓದಿದರು. ಇನ್ನೊಂದು ಸಲ ಓದಿಸಿದೆ. ಆಮೇಲೆ ಸಹಿ ಹಾಕಿದೆ.

ಅಲ್ಲಿಂದ ಅಕ್ಕಯ್ಯನ ಮನೆಗೆ ಹೋಗಿ, ಜಗಲಿಯಲ್ಲಿ ಹಾಗೇ ಕೂತಿದ್ದ ಅವಳ ಮಗನಿಗೆ ಅಂಗಿ ಬಿಚ್ಚಿಟ್ಟು ದನ ಬಿಡು ಎಂದೆ.